ದುಃಶ್ರುತಿ ಮತ್ತು ಒಂದು ದ್ವೀಪದ ಹಾಡು

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ತೊರೆಯಬೇಕಾದ ಅನರ್ಥದಂಡಗಳನ್ನು ಐದು ಬಗೆಯಾಗಿ ಹೇಳಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ದುಃಶ್ರುತಿಯನ್ನು ನಮ್ಮ ಪ್ರವಚನಗಳಲ್ಲಿ ಒಂದೆರಡು ಮಾತಿನಲ್ಲಿ ಮುಗಿಸಿಬಿಡುವುದುಂಟು. ದ್ವೇಷದಿಂದ ಚಿತ್ತವನ್ನು ಕಲುಷಿತಗೊಳಿಸುವಂಥದನ್ನು ಕೇಳುವುದೂ ದೋಷವೇ ಎಂಬ ಆ ಮಾತಿನ ತೂಕ ತಿಳಿಯಬೇಕಾದರೆ, ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದ ಹಾಡುಗಳ ಸುತ್ತ ನಡೆದ ಒಂದು ಹೋರಾಟದ ಇತಿಹಾಸವನ್ನು ನೋಡಬೇಕು.

ಬಯಲಿನಲ್ಲಿ ಆಳೆತ್ತರದ ಧ್ವನಿಪೆಟ್ಟಿಗೆಗಳನ್ನು ಪೇರಿಸಿ, ಧ್ವನಿಮುದ್ರಿಕೆಗಳನ್ನು ನುಡಿಸಿ ಕುಣಿಯುವುದು ಅಲ್ಲಿಯ ಬಡ ಬಡಾವಣೆಗಳಲ್ಲಿ 1950ರ ದಶಕದಿಂದ ಬಂದ ಪದ್ಧತಿ. ಅದರಿಂದಲೇ ಮುಂದೆ 'ಡ್ಯಾನ್ಸ್‌ಹಾಲ್' ಎಂಬ ಗಾಯನಪ್ರಕಾರವು ಬೆಳೆಯಿತು. ನೆರೆದವರು ಕೂಗಿ ಮೆಚ್ಚಿದರೆ ಹಾಡನ್ನು ನಡುವೆ ನಿಲ್ಲಿಸಿ ಮತ್ತೆ ಮೊದಲಿನಿಂದ ನುಡಿಸುವುದು ಅಲ್ಲಿಯ ರೂಢಿ. ಕೃತ, ಕಾರಿತ, ಅನುಮೋದನ ಎಂದು ನಮ್ಮವರು ಎಣಿಸುವ ಮೂರರಲ್ಲಿ ಅನುಮೋದನೆಯು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವ ಸ್ಥಳ ಇನ್ನೊಂದಿರಲಾರದು.

ಈ ಪ್ರಕಾರದ ಗಾಯಕ ಬುಜು ಬಾಂಟನ್ ಹದಿಹರೆಯದಲ್ಲಿ ರಚಿಸಿದ 'ಬೂಮ್ ಬೈ ಬೈ' ಎಂಬ ಹಾಡು 1992ರಲ್ಲಿ ದ್ವೀಪದ ಹೊರಗೂ ಪ್ರಚಾರಕ್ಕೆ ಬಂದಿತು. ಸಲಿಂಗಪ್ರೇಮಿಗಳನ್ನು ಗುಂಡಿಟ್ಟು ಕೊಲ್ಲುವುದನ್ನು ಕೊಂಡಾಡುವ ಹಾಡು ಅದು. ಆ ವರ್ಷವೇ ನ್ಯೂಯಾರ್ಕಿನಲ್ಲಿ ಪ್ರತಿಭಟನೆ ನಡೆಯಿತು. ಶಬ್ಬಾ ರ್‍ಯಾಂಕ್ಸ್ ಎಂಬ ಮತ್ತೊಬ್ಬ ಪ್ರಖ್ಯಾತ ಗಾಯಕರು ಬ್ರಿಟನ್ನಿನ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಬೈಬಲನ್ನು ಮುಂದಿಟ್ಟು ಆ ಹಾಡನ್ನು ಸಮರ್ಥಿಸಿದರು. ಧರ್ಮಗ್ರಂಥವನ್ನು ಕೊಲೆಯ ಪರವಾಗಿ ಸಾಕ್ಷಿಗೆ ಕರೆಯುವುದು ಯಾವೊಂದು ಮತಕ್ಕೂ ಸೀಮಿತವಾದ ಚಾಳಿಯಲ್ಲ.

1998ರಲ್ಲಿ ಜಮೈಕಾದಲ್ಲಿಯೇ 'ಜೆ-ಫ್ಲ್ಯಾಗ್' ಎಂಬ ಸಂಸ್ಥೆಯು ಸ್ಥಾಪಿತವಾಗಿ ಇಂಥವರ ರಕ್ಷಣೆಗೆ ನಿಂತಿತು. ಅದರ ಸ್ಥಾಪಕರಲ್ಲೊಬ್ಬರಾದ ಬ್ರಯಾನ್ ವಿಲಿಯಮ್ಸನ್ 2004ರ ಜೂನ್ 9ರಂದು ಕಿಂಗ್‌ಸ್ಟನ್ ನಗರದ ತಮ್ಮ ಮನೆಯಲ್ಲಿ ಇರಿತಕ್ಕೆ ಬಲಿಯಾದರು. ದರೋಡೆಯೇ ಕಾರಣವೆಂದು ಪೊಲೀಸರು ಹೇಳಿದರು. ಹಾಡೇ ಕೊಂದಿತೆಂದು ಯಾರೂ ಹೇಳಲಾರರು. ಆದರೆ ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೆ ಬಂದ 'ಹ್ಯೂಮನ್ ರೈಟ್ಸ್ ವಾಚ್' ಸಂಸ್ಥೆಯ ಸಂಶೋಧಕಿಯೊಬ್ಬರು ಕಂಡದ್ದು, ಮನೆಯ ಹೊರಗೆ ನೆರೆದು ಸಂಭ್ರಮಿಸುತ್ತಿದ್ದ ಗುಂಪನ್ನು. ಕೆಲವರು ಅದೇ ಹಾಡಿನ ಸಾಲುಗಳನ್ನು ಹಾಡುತ್ತಿದ್ದರು. ಹನ್ನೆರಡು ವರ್ಷ ಕೇಳಿದ ದುಃಶ್ರುತಿಯು ಶವವಿನ್ನೂ ಮನೆಯಲ್ಲಿರುವಾಗಲೇ ನಾಲಿಗೆಗೆ ಬಂದಿತ್ತು.

'ಸ್ಟಾಪ್ ಮರ್ಡರ್ ಮ್ಯೂಸಿಕ್' ಎಂಬ ಆಂದೋಲನವು ಆ ವರ್ಷಗಳಲ್ಲಿ ತೀವ್ರಗೊಂಡಿತು. ಲಂಡನ್ನಿನ 'ಔಟ್‌ರೇಜ್' ಸಂಘಟನೆ ಮತ್ತು ಅದರ ನಾಯಕ ಪೀಟರ್ ಟ್ಯಾಚೆಲ್ ಅವರು ಜೆ-ಫ್ಲ್ಯಾಗ್ ಜೊತೆಗೂಡಿ, ಗಾಯಕರನ್ನಷ್ಟೇ ಅಲ್ಲದೆ ಸಭಾಂಗಣಗಳ ಒಡೆಯರನ್ನೂ ಪ್ರಾಯೋಜಕರನ್ನೂ ಧ್ವನಿಮುದ್ರಿಕೆಯ ಕಂಪನಿಗಳನ್ನೂ ಪ್ರಶ್ನಿಸಿದರು. ನಮ್ಮ ಪರಿಭಾಷೆಯಲ್ಲಿ ಇದು ಹಿಂಸಾದಾನದ ಪ್ರಶ್ನೆ. ಅಸ್ತ್ರ ಒದಗಿಸುವವನಂತೆ ವೇದಿಕೆ ಒದಗಿಸುವವನೂ ಭಾಗಿ. ಅನೇಕ ಕಚೇರಿಗಳು ರದ್ದಾದವು. 2007ರಲ್ಲಿ ಬೀನಿ ಮ್ಯಾನ್, ಸಿಜ್ಲಾ, ಕೇಪಲ್ಟನ್ ಎಂಬ ಗಾಯಕರು ಇಂಥ ಹಾಡುಗಳನ್ನು ಹಾಡುವುದಿಲ್ಲವೆಂಬ ಒಪ್ಪಂದಪತ್ರಕ್ಕೆ ಸಹಿ ಮಾಡಿದರೆಂದು ಪ್ರಕಟವಾಯಿತು. ಬೀನಿ ಮ್ಯಾನ್ ಅನಂತರ ಅದನ್ನು ಅಲ್ಲಗಳೆದರು. ಗಳಿಕೆ ತಪ್ಪುವ ಭಯದಿಂದ ಹಾಕಿದ ರುಜು ಪ್ರತ್ಯಾಖ್ಯಾನವಾಗದಷ್ಟೆ.

ಆಂದೋಲನದ ಮೇಲಿನ ಆಕ್ಷೇಪವನ್ನೂ ಅನೇಕಾಂತಿಗಳಾದ ನಾವು ಆಲಿಸಬೇಕು. ಗುಲಾಮರ ಸಂತತಿಗೆ ಲಂಡನ್ನಿನಿಂದ ನೀತಿಬೋಧೆಯೇ ಎಂದು ಜಮೈಕಾದ ಹಲವರು ಕೇಳಿದರು. ಕೇಳುವ ಹಕ್ಕು ಅವರಿಗಿತ್ತು. ಆದರೆ ಅಲ್ಲಿ ಈ ಜನರನ್ನು ಅಪರಾಧಿಗಳೆನಿಸಿದ 1864ರ ಕಾನೂನೂ ಬ್ರಿಟಿಷರ ಆಳ್ವಿಕೆಯದೇ. ಅದೇ ಆಳ್ವಿಕೆಯು 1860ರಲ್ಲಿ ನಮಗೆ ದಂಡಸಂಹಿತೆಯ 377ನೆಯ ಕಲಮನ್ನು ಕೊಟ್ಟಿತ್ತು. ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು ತೀರ್ಪಿತ್ತಿತು. ಜಮೈಕಾದಲ್ಲಿ ತಮ್ಮ ಕಾನೂನಿನ ವಿರುದ್ಧದ ಅರ್ಜಿಯನ್ನು 2023ರಲ್ಲಿ ನ್ಯಾಯಾಲಯವು ತಳ್ಳಿಹಾಕಿತು.

ಇಂಥ ಅನುರಾಗವನ್ನು ಧರ್ಮವು ಒಪ್ಪುವುದೇ ಎಂದು ಶ್ರಾವಕರಲ್ಲಿ ಕೆಲವರು ಕೇಳಬಹುದು. ದ್ರವ್ಯವೇದ ಭಾವವೇದಗಳು ಪ್ರಾಯಃ ಸಮವಾಗಿದ್ದರೂ ಕೆಲವೆಡೆ ವಿಷಮವಾಗಿರುತ್ತವೆಂದು ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಬರೆದಿದ್ದಾರೆ. ಜೀವವೈವಿಧ್ಯವು ಅವರನ್ನು ಬೆಚ್ಚಿಬೀಳಿಸಲಿಲ್ಲ. ವೇದ ಮೂರೂ ಮೋಹನೀಯದ ಉದಯವೇ, ನಮ್ಮದೂ ಸೇರಿ. ಎದುರಿನ ಜೀವ ಯಾವ ವೇದದ್ದೆಂದು ವಿಚಾರಿಸಿಕೊಂಡು ಅಹಿಂಸಾಣುವ್ರತವನ್ನು ಪಾಲಿಸೆಂದು ಯಾವ ಆಚಾರ್ಯರೂ ಹೇಳಿಲ್ಲ.

ಬುಜು ಬಾಂಟನ್ 2019ರಲ್ಲಿ ಆ ಹಾಡು ಬಹಳ ನೋವುಂಟುಮಾಡಿದೆಯೆಂದು ಒಪ್ಪಿ, ತಮ್ಮ ಹಾಡುಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿದರು. ಆಗ ಅವರಿಗೆ ನಲವತ್ತೈದು ವರ್ಷ. ವಿಲಿಯಮ್ಸನ್ ತೀರಿಕೊಂಡು ಹದಿನೈದು ವರ್ಷಗಳಾಗುತ್ತ ಬಂದಿದ್ದವು.