ಗಣಕವಿಜ್ಞಾನದಲ್ಲಿ ವಿದ್ಯಾರ್ಥಿ ಸಂಶೋಧನಾ ಸ್ಪರ್ಧೆ: ಕರ್ನಾಟಕದ ಒಂದು ಪ್ರಯೋಗ

ಪರೀಕ್ಷೆಯೂ ಸಂಶೋಧನಾ ಸ್ಪರ್ಧೆಯೂ ಮೇಲುನೋಟಕ್ಕೆ ಒಂದೇ ಬಗೆಯವಾಗಿ ತೋರಿದರೂ ಅವುಗಳ ಸ್ವಭಾವ ಬೇರೆ. ಪರೀಕ್ಷೆಯಲ್ಲಿ ಉತ್ತರವು ಪರೀಕ್ಷಕನಿಗೆ ಮೊದಲೇ ತಿಳಿದಿರುತ್ತದೆ. ಸಂಶೋಧನೆಯಲ್ಲಿ ಅದು ಯಾರಿಗೂ ತಿಳಿದಿರುವುದಿಲ್ಲ. ಆದುದರಿಂದ ಇಲ್ಲಿ ತೀರ್ಪುಗಾರರು ತೂಗಬೇಕಾದುದು ಉತ್ತರವನ್ನಲ್ಲ, ಅದನ್ನು ತಲಪಿದ ಮಾರ್ಗವನ್ನು.

ಗಣಕವಿಜ್ಞಾನದಲ್ಲಿ ಈ ಬಗೆಯ ಸ್ಪರ್ಧೆಗೆ ವ್ಯವಸ್ಥಿತ ರೂಪ ಕೊಟ್ಟ ಸಂಸ್ಥೆಗಳಲ್ಲಿ 1947ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮೆಷಿನರಿ ಮುಖ್ಯವಾದುದು. ಅದರ ಸ್ಪರ್ಧೆಯಲ್ಲಿ ವಿದ್ಯಾರ್ಥಿಯು ಮೊದಲು ತನ್ನ ಕೆಲಸವನ್ನು ಭಿತ್ತಿಪತ್ರದ ಮೂಲಕ ವಿವರಿಸಿ, ಆಯ್ಕೆಯಾದರೆ ತಜ್ಞರ ಮುಂದೆ ಕಿರು ಉಪನ್ಯಾಸ ಮಾಡಿ ಪ್ರಶ್ನೆಗಳನ್ನು ಎದುರಿಸುತ್ತಾನೆ. ಸ್ನಾತಕರಿಗೂ ಸ್ನಾತಕೋತ್ತರರಿಗೂ ಪ್ರತ್ಯೇಕ ವಿಭಾಗಗಳುಂಟು. ಆದರೆ ಅಲ್ಲಿಗೆ ಬರುವುದು ಮುಗಿದ ಕೆಲಸ; ಅದನ್ನು ಮಾಡಲು ಬೇಕಾದ ಅನುಕೂಲವನ್ನು ವಿದ್ಯಾರ್ಥಿಯೇ ಮೊದಲು ಒದಗಿಸಿಕೊಂಡಿರಬೇಕು.

ಕರ್ನಾಟಕದ ಪ್ರಯೋಗ ಇದಕ್ಕಿಂತ ಭಿನ್ನವಾದ ದಾರಿ ಹಿಡಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂದಿನ ಗಣಕವಿಜ್ಞಾನ ವಿಭಾಗದ ಮೂಲವು 1969ರಲ್ಲಿ ರೂಪುಗೊಂಡಿತು. ಅದೇ ಆವರಣದಲ್ಲಿ 1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರವಿದ್ಯಾ ಮಂಡಳಿ ನೆಲೆಗೊಂಡಿತು. ಮಂಡಳಿಯು 1977ರಲ್ಲಿ ಆರಂಭಿಸಿದ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವು ಎಂಜಿನಿಯರಿಂಗ್‌ನ ಎಲ್ಲ ಶಾಖೆಗಳಿಗೂ ತೆರೆದಿದ್ದು, ಗಣಕವಿಜ್ಞಾನವೂ ಅದರಲ್ಲಿ ಸೇರಿತು. ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಪ್ರಸ್ತಾವನೆ ಸಲ್ಲಿಸುತ್ತಾರೆ. ತಜ್ಞರು ಆಯ್ದವುಗಳಿಗೆ ಧನಸಹಾಯ ದೊರೆಯುತ್ತದೆ. ಉತ್ತಮವಾದವು ರಾಜ್ಯಮಟ್ಟದ ವಿಚಾರಸಂಕಿರಣ ಮತ್ತು ಪ್ರದರ್ಶನಕ್ಕೆ ಬಂದು ಪ್ರಶಸ್ತಿಗೆ ಸ್ಪರ್ಧಿಸುತ್ತವೆ.

ಇಲ್ಲಿ ನೆರವು ಮೊದಲು, ಸ್ಪರ್ಧೆ ಅನಂತರ. ಮೊತ್ತವು ದೊಡ್ಡದಲ್ಲ, ಆದರೂ ಈ ಕ್ರಮದ ಅರ್ಥ ಹಿರಿದು. ರಾಜಧಾನಿಯಿಂದ ದೂರದ ಜಿಲ್ಲಾ ಕಾಲೇಜಿನ ವಿದ್ಯಾರ್ಥಿಗೂ ತನ್ನ ಊರಿನ ಪ್ರಶ್ನೆಯನ್ನೇ ಎತ್ತಿಕೊಳ್ಳುವ ಧೈರ್ಯ ಇದರಿಂದ ಬರುತ್ತದೆ. ಹಾಗೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ಗಣಕವಿಜ್ಞಾನದಲ್ಲಿ ಯಂತ್ರ ಓಡಿತೆಂಬುದನ್ನು ತೋರಿಸಿದರೆ ಸಂಶೋಧನೆ ಮುಗಿಯಿತೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಸಿದ್ಧ ಯೋಜನೆಗಳನ್ನು ಹಣ ಕೊಟ್ಟು ಕೊಳ್ಳುವ ರೂಢಿಯೂ ಬೆಳೆದಿದೆ. ಇದಕ್ಕೆ ಮದ್ದು ಒಂದೇ: ಎಷ್ಟು ಸಲ ಸರಿಯಾಯಿತು, ಎಷ್ಟು ಸಲ ತಪ್ಪಿತು ಎಂಬ ಲೆಕ್ಕವನ್ನು ಬರೆದಿಟ್ಟು, ಮತ್ತೊಬ್ಬರು ಅದನ್ನು ಪರಿಶೀಲಿಸುವಂತೆ ಮಾಡುವುದು.

ಈ ಮಾತಿಗೆ ನಮ್ಮ ಚಂದ್ರವಳ್ಳಿಯೇ ನಿದರ್ಶನ. ಅಲ್ಲಿಯ ಬಂಡೆಯ ಮೇಲಿನ, ಕೆರೆಯ ನಿರ್ಮಾಣವನ್ನು ತಿಳಿಸುವ ಮಯೂರಶರ್ಮನ ಪ್ರಾಕೃತ ಶಾಸನದ ಪಾಠವನ್ನು ಡಾ. ಎಂ. ಎಚ್. ಕೃಷ್ಣರು ಮೈಸೂರು ಪುರಾತತ್ವ ಇಲಾಖೆಯ 1929ರ ವರದಿಯಲ್ಲಿ ಪ್ರಕಟಿಸಿದರು. ಅವರು ಓದಿದ ಪಲ್ಲವ, ಆಭೀರ, ತ್ರೈಕೂಟ ಮೊದಲಾದ ಹೆಸರುಗಳನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿದರು. ಪಾಠವು ಅಚ್ಚಾಗಿದ್ದುದರಿಂದಲೇ ಆ ಪ್ರಶ್ನೆ ಸಾಧ್ಯವಾಯಿತು. ಪ್ರಶ್ನೆ ಎದ್ದುದರಿಂದ ಕೃಷ್ಣರ ಕೀರ್ತಿಗೇನೂ ಕುಂದಾಗಲಿಲ್ಲ. ಸವೆದ ಬ್ರಾಹ್ಮೀ ಅಕ್ಷರಗಳನ್ನು ಛಾಯಾಚಿತ್ರದಿಂದ ಗುರುತಿಸುವುದು ಇಂದು ಗಣಕವಿಜ್ಞಾನದ ಸಮಸ್ಯೆಯೂ ಹೌದು. ಚಿತ್ರದುರ್ಗದ ವಿದ್ಯಾರ್ಥಿಯೊಬ್ಬ ಅದನ್ನು ಕೈಗೊಂಡರೆ, ಯಂತ್ರವು ಖಚಿತವಾಗಿ ಓದಿದ ಅಕ್ಷರಗಳ ಜೊತೆಗೆ ಅದು ಸಂದೇಹಿಸಿದ ಅಕ್ಷರಗಳನ್ನೂ ಪಟ್ಟಿಮಾಡಿ ಕೊಡಲಿ. ಅಂಥ ಪಟ್ಟಿಯನ್ನು ಗೌರವಿಸಬಲ್ಲ ತೀರ್ಪುಗಾರರಿದ್ದಲ್ಲಿ ಸ್ಪರ್ಧೆಯು ಸಂಶೋಧನೆಯ ಹೆಸರಿಗೆ ತಕ್ಕುದಾಗುತ್ತದೆ.