ಎರೆಯ ಸೀಮೆಯಲ್ಲಿ ಎರಡು ಗಾಲಿ

ಕೃಷ್ಣೆ ಮತ್ತು ಘಟಪ್ರಭೆಗಳ ಮಗ್ಗುಲಲ್ಲಿ ಹರಡಿಕೊಂಡಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನೆಲ ಸಾಹಿತ್ಯಪ್ರಿಯರಿಗೆ ಅಪರಿಚಿತವಲ್ಲ. ಬೆಳುಗಲಿ ಐನೂರರೊಳಗಿನ ಜಂಬುಖಂಡಿ ಎಪ್ಪತ್ತರ ಮುದುವೊಳಲು ಎಂದೊಡನೆ ರನ್ನನ ನೆನಪಾಗುತ್ತದೆ. ಇತಿಹಾಸ ಬಲ್ಲವರು ಪಟವರ್ಧನ, ಘೋರ್ಪಡೆ ಮನೆತನಗಳನ್ನು ನೆನೆಯುತ್ತಾರೆ. ಆದರೆ ಈ ನೆಲಕ್ಕೆ ಇನ್ನೊಂದು ಸಣ್ಣ ಇತಿಹಾಸವೂ ಉಂಟು. ಅದು ಯಾವ ಕೆಲಸದ ನೆಪವೂ ಇಲ್ಲದೆ, ಗಾಳಿಗೆ ಮೈಯೊಡ್ಡಿ, ಸೈಕಲ್ ತುಳಿಯುತ್ತ ಹೊಳೆಯ ದಂಡೆಯವರೆಗೆ ಹೋಗಿ ಬರುತ್ತಿದ್ದವರ ಇತಿಹಾಸ. ದಫ್ತರಗಳಲ್ಲಿ ಅದು ಸಿಕ್ಕುವುದಿಲ್ಲ, ದಾರಿಗಳಲ್ಲಿ ಹುಡುಕಬೇಕು.

ಜಮಖಂಡಿಯ ಬದಿಯ ಗುಡ್ಡಗಳನ್ನೂ ಬೀಳಗಿಯ ಕಡೆಯ ಕಲ್ಲುದಿಬ್ಬಗಳನ್ನೂ ಬಿಟ್ಟರೆ ಉಳಿದುದು ಬಹುಮಟ್ಟಿಗೆ ಸಪಾಟು ಎರೆಭೂಮಿ. 1888ರಲ್ಲಿ ಡನ್‌ಲಪ್ ಎಂಬಾತ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನಲ್ಲ, ಆ ಟೈರಿಗೆ ಹೇಳಿ ಮಾಡಿಸಿದಂಥ ನೆಲ. ಅದಕ್ಕಿಂತ ಮುಖ್ಯವಾದ ಅನುಕೂಲವೊಂದನ್ನು ಇಲ್ಲಿಯವರು ಬಹುಕಾಲ ಕೊರತೆಯೆಂದೇ ಎಣಿಸಿದ್ದರು. ಪೂರ್ವಕ್ಕೆ ಬಾಗಲಕೋಟೆಯ ಮೇಲೆ ಹಾಯ್ದ ಗದಗ-ಹೋಟಗಿ ರೈಲುದಾರಿ, ಪಶ್ಚಿಮಕ್ಕೆ ಕುಡಚಿಯ ಮೇಲೆ ಹಾಯ್ದ ಮೀರಜದ ದಾರಿ: ಎರಡೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದವು. ಇವೆರಡರ ನಡುವೆ ಈ ಸೀಮೆ ಇಪ್ಪತ್ತನೆಯ ಶತಮಾನವನ್ನೆಲ್ಲ ರೈಲಿಲ್ಲದೆ ಕಳೆಯಿತು. ಬಾಗಲಕೋಟೆ-ಕುಡಚಿ ಮಾರ್ಗಕ್ಕಾಗಿ ದಶಕಗಳ ಕಾಲ ಚಳವಳಿ ನಡೆಯಿತು. ವ್ಯಾಪಾರಿಗಳಿಗೂ ನೇಕಾರರಿಗೂ ಇದರಿಂದ ಹಾನಿಯಾದದ್ದು ನಿಜ. ಆದರೆ ಲಾರಿ-ಮೋಟಾರುಗಳ ಗದ್ದಲವಿಲ್ಲದ ದಾರಿ ಸವಾರನಿಗೆ ಪುಕ್ಕಟೆಯಾಗಿ ಉಳಿಯಿತೆಂಬುದೂ ಅಷ್ಟೇ ನಿಜ.

1948ಕ್ಕೆ ಮುನ್ನ ಈ ದಾರಿಗಳಿಗೆ ಒಂದು ವಿನೋದವಿತ್ತು. ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು. ಅದಕ್ಕೆ ಅಂಟಿಕೊಂಡಂತಿರುವ ರಬಕವಿ ಸಾಂಗಲಿಯದು. ದಕ್ಷಿಣಕ್ಕೆ ಸಮೀಪದಲ್ಲಿಯೇ ಇರುವ ಮಹಾಲಿಂಗಪುರ ಮುಧೋಳದ್ದು. ಬೀಳಗಿಯ ಕಡೆ ಬ್ರಿಟಿಷರ ವಿಜಾಪುರ ಜಿಲ್ಲೆ. ಬೆಳಗಿನ ತಂಪಿನಲ್ಲಿ ಹೊರಟ ಸವಾರನೊಬ್ಬ ಬಿಸಿಲೇರುವುದರೊಳಗೆ ಮೂವರು ಅರಸರ ಸೀಮೆಯನ್ನು ಮುಟ್ಟಿ ಬರಬಹುದಾಗಿತ್ತು. ಜಗತ್ತಿನ ಬೇರೆಡೆ ಇಷ್ಟು ಅಗ್ಗದ ವಿದೇಶ ಪ್ರವಾಸ ಇದ್ದಿರಲಾರದು! ಆಗಿನ ಸೈಕಲ್ಲುಗಳಾದರೋ ಹೆಚ್ಚಾಗಿ ವಿಲಾಯತಿಯವು. ಉಳ್ಳವರ ಮನೆಯ ಪಡಸಾಲೆಯಲ್ಲಿ ನಿಲ್ಲುತ್ತಿದ್ದಂಥವು. 1949ರಲ್ಲಿ ಮದರಾಸಿನ ಅಂಬತ್ತೂರಿನಲ್ಲಿ, 1951ರಲ್ಲಿ ಸೋನೆಪತ್‌ನಲ್ಲಿ, 1956ರಲ್ಲಿ ಲೂಧಿಯಾನಾದಲ್ಲಿ ಸೈಕಲ್ ಕಂಪನಿಗಳು ತಲೆಯೆತ್ತಿದ ಮೇಲೆ ಪಡಸಾಲೆಯ ವಸ್ತು ಅಂಗಳಕ್ಕಿಳಿಯಿತು. ಕೊಳ್ಳಲಾರದವನಿಗೆ ಬಾಡಿಗೆ ಸೈಕಲ್ಲಿನ ಅಂಗಡಿಯಿತ್ತು. ತಾಸಿನ ಲೆಕ್ಕದಲ್ಲಿ ಹಣ ತೆತ್ತು, ಕಾಲು ನೆಲಕ್ಕೆ ನಿಲುಕದ ಹುಡುಗ ಚೌಕಟ್ಟಿನ ಕೋನದೊಳಗೆ ಕಾಲು ತೂರಿಸಿ ತುಳಿಯುತ್ತ, ಸೊಟ್ಟಗೆ ಸೊಟ್ಟಗೆ ಊರ ಹೊರಗೆ ಸಾಗುತ್ತಿದ್ದ.

ಊರ ಹೊರಗೆ ಇದ್ದುದು ಬಂಡಿಯ ದಾರಿ. ಎತ್ತಿನ ಬಂಡಿಯ ಗಾಲಿಗಳು ಕೊರೆದ ಎರಡು ಜಾಡುಗಳ ನಡುವೆ ಒಂದು ನಯವಾದ ಪಟ್ಟಿ ಉಳಿಯುತ್ತದೆ. ಸೈಕಲ್ಲಿಗೆ ಸಾಕಾಗುವಷ್ಟೇ ಅದರ ಅಗಲ. ಬೇಸಗೆಯಲ್ಲಿ ಅದು ಸುಖದ ಹಾದಿ. ಮೊದಲ ಮಳೆ ಬಿದ್ದರೆ ಮಾತ್ರ ಕಥೆ ಬೇರೆ. ಎರೆಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನ ಕಣಕದಂತೆ ತುಂಬಿಕೊಂಡು ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಸವಾರನನ್ನು ಹೊರಬೇಕಾದ ವಾಹನವನ್ನು ಸವಾರನೇ ಹೆಗಲ ಮೇಲೆ ಹೊತ್ತು ಊರು ಸೇರುವ ನೋಟ ಈ ಸೀಮೆಯಲ್ಲಿ ನಗೆಯ ವಿಷಯವಾಗಿರಲಿಲ್ಲ. ಮಡ್‌ಗಾರ್ಡನ್ನೇ ಕಿತ್ತು ಮೂಲೆಗಿಡುವುದು ಬಲ್ಲವರ ಉಪಾಯ. ಜಾಲಿಮುಳ್ಳು, ನೆಗ್ಗಿಲುಮುಳ್ಳುಗಳ ಕಾಟ ಮಾತ್ರ ಎಲ್ಲ ಕಾಲಕ್ಕೂ ಒಂದೇ.

ಆದ್ದರಿಂದ ವಿಹಾರದ ಋತುವನ್ನು ಇಲ್ಲಿ ನೆಲವೇ ಗೊತ್ತುಮಾಡಿತು. ಹಿಂಗಾರಿಯ ಬಿಳಿಜೋಳ ತೆನೆಯೊಡೆದು, ಎರೆ ಒಣಗಿ ಬಿರುಕು ಬಿಡುವ ಚಳಿಗಾಲವೇ ಅದು. ಎಳ್ಳಮಾವಾಸ್ಯೆಯ ದಿನ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಬುತ್ತಿಯೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿಯನ್ನು ಕೇಳುಗರು ಬಲ್ಲರು. ಹೆಂಗಸರು ಮಕ್ಕಳು ಬಂಡಿಯಲ್ಲಿ, ಹರೆಯದವರು ಹಿಂದುಮುಂದಾಗಿ ಸೈಕಲ್ಲಿನಲ್ಲಿ. ಅದಾದ ಮೇಲೆ ಸೀತನಿಯ ದಿನಗಳು. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿಯಾಗಿ ತಿನ್ನಲು ಪಟ್ಟಣದ ಮೇಷ್ಟರು, ಗುಮಾಸ್ತರು, ನೇಕಾರರು ಗೆಳೆಯರ ಹೊಲಕ್ಕೆ ತುಳಿದುಕೊಂಡು ಹೋಗುತ್ತಿದ್ದರು. ಇಂಗ್ಲೆಂಡಿನಲ್ಲಿ 1878ರಲ್ಲಿಯೇ ಸೈಕಲ್ ಪ್ರವಾಸಿಗರ ಸಂಘ ಕಟ್ಟಿದರಂತೆ. ನಮ್ಮವರಿಗೆ ಸಂಘ ಬೇಕಾಗಲಿಲ್ಲ; ಸೀತನಿಯ ಕರೆಯೇ ಸಾಕಾಗಿತ್ತು. ಈ ಸುಖ ಬಹುಪಾಲು ಗಂಡಸರದೇ ಆಗಿತ್ತೆಂಬುದನ್ನು ಮರೆಮಾಚಬಾರದು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿದ ಮೇಲೆಯೇ ಹಳ್ಳಿಯ ಹುಡುಗಿಯರು ಸಾಲುಸಾಲಾಗಿ ಈ ದಾರಿಗಳಲ್ಲಿ ಕಾಣಿಸಿಕೊಂಡದ್ದು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹುಡುಗ ಹುಡುಗಿಯರು ಇಂದು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕ ತರುತ್ತಿದ್ದಾರೆ. ಅದು ಬೇರೆಯ ಅಧ್ಯಾಯ.

ಬಂಡಿಯ ದಾರಿಯ ನಂತರ ಸವಾರನಿಗೆ ಒದಗಿದ್ದು ಕಾಲುವೆಯ ದಂಡೆ. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿದ್ದು 1897ರಲ್ಲಿ. ಎಡದಂಡೆಯ ಕಾಲುವೆ ಹಂತಹಂತವಾಗಿ ಮುಂದುವರಿದು, ಹಿಡಕಲ್ ಜಲಾಶಯದ ಬೆಂಬಲದಿಂದ ಮುಧೋಳ, ಜಮಖಂಡಿ, ಬೀಳಗಿಗಳ ಹೊಲಗಳನ್ನು ಮುಟ್ಟಿತು. ಕಾಲುವೆಯ ಮೇಲ್ವಿಚಾರಣೆಗೆಂದು ದಂಡೆಯ ಗುಂಟ ಮಣ್ಣಿನ ರಸ್ತೆ ಬಂದಿತು. ಕಾಲುವೆಯ ನೀರಿಗೆ ಬೇಕಾದದ್ದು ಕಣ್ಣಿಗೆ ಕಾಣದಷ್ಟು ಅಲ್ಪ ಇಳಿಜಾರು ಮಾತ್ರ. ಅದಕ್ಕಾಗಿ ಎಂಜಿನಿಯರು ದಿಬ್ಬವನ್ನು ಬಳಸಿ ಹೋಗುತ್ತಾನೆ, ಇಲ್ಲವೇ ಸೀಳಿ ಹೋಗುತ್ತಾನೆ. ಪಕ್ಕದ ರಸ್ತೆಯೂ ನೀರಿನ ನಡೆಯನ್ನೇ ಹಿಡಿದಿರುತ್ತದೆ. ಹೀಗೆ, ಸೈಕಲ್ಲಿನ ನೆನಪೂ ಇಲ್ಲದೆ ಸೈಕಲ್ಲಿಗೆ ಅತ್ಯುತ್ತಮವಾದ ಹಾದಿಯೊಂದು ನಿರ್ಮಾಣವಾಯಿತು. ಏರಿಲ್ಲ, ಬಸ್ಸಿಲ್ಲ, ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಬೆಳೆ. ಹಾಲೆಂಡಿನವರು ನದಿಯ ಒಡ್ಡುಗಳ ಮೇಲೆ ಅನುಭವಿಸುವ ಸುಖಕ್ಕೆ ಇದು ಯಾವ ರೀತಿಯಿಂದಲೂ ಕಡಿಮೆಯದಲ್ಲ.

ಆದರೆ ದಾರಿಯನ್ನು ತಂದ ನೀರೇ ದಾರಿಯನ್ನು ಕಸಿಯತೊಡಗಿತು. ನೀರು ಬಂದಲ್ಲಿ ಜೋಳ ಹೋಗಿ ಕಬ್ಬು ಬಂತು. ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ. 1989ರಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಒಪ್ಪುವಂಥದು. ಬೇಸಗೆಯಲ್ಲಿ ಮರಳಾಗುತ್ತಿದ್ದ ಹೊಳೆಯಲ್ಲಿ ನೀರು ನಿಂತಿತು. ಸೀತನಿಯ ಸುಖ ಹೋಯಿತೆಂದು ಈ ಸಾಹಸವನ್ನು ಹಳಿಯುವವನು ಬರಗಾಲ ಕಾಣದವನು. ಬೀಳಗಿಯ ಕಡೆಯ ನಷ್ಟ ಮಾತ್ರ ಹೆಚ್ಚು ಕಠಿನವಾದದ್ದು. ಆಲಮಟ್ಟಿಯ ಹಿನ್ನೀರು ಏರಿದಾಗ ಹೊಳೆಸಾಲಿನ ಊರುಗಳೇ ಎದ್ದುಹೋದವು. ಊರೇ ಇಲ್ಲವಾದ ಮೇಲೆ ಊರದಾರಿಯ ಮಾತೆಲ್ಲಿ?

ಈಗ ಕಬ್ಬು ನುರಿಸುವ ಕಾಲವೂ ಹಳೆಯ ಸೀತನಿಯ ಕಾಲವೂ ಒಂದೇ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಬಂದರೆ ಸೈಕಲ್ಲಿನವನು ಗಟಾರಕ್ಕಿಳಿಯಬೇಕು. ಕಾಲುವೆಯ ದಂಡೆಗೂ ಅವು ಬಂದಿವೆ. ಕಬ್ಬು ಸಾಗಿಸುವ ರೈತ ದಂಡೆಯ ರಸ್ತೆ ಗಟ್ಟಿಯಾಗಲಿ ಎನ್ನುವುದು ನ್ಯಾಯವೇ. ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವೆ ಮುಚ್ಚಿಹೋಗಿದ್ದ ರೈಲುದಾರಿಯನ್ನು 1979ರಿಂದ 1986ರವರೆಗೆ ಸ್ವಯಂಸೇವಕರು ದುಡಿದು ನಡಿಗೆಯ ಮತ್ತು ಸೈಕಲ್ಲಿನ ಹಾದಿಯಾಗಿ ಮಾಡಿಕೊಂಡರು. ನಮ್ಮಲ್ಲಿ ಅಷ್ಟು ಶ್ರಮವೂ ಬೇಕಿಲ್ಲ. ಕಾಲುವೆಗೆ ದಂಡೆಗಳು ಎರಡು. ಒಂದರ ಮೇಲೆ ಟ್ರ್ಯಾಕ್ಟರು ಹೋಗಲಿ. ಇನ್ನೊಂದರ ಜಾಲಿಕಂಟಿ ಕಡಿದು, ಎರಡೂ ತುದಿಗೆ ಟ್ರ್ಯಾಕ್ಟರು ನುಗ್ಗದಂತೆ ಕಲ್ಲು ನೆಟ್ಟು, ಶಾಲೆಗೆ ಹೋಗುವ ಮಕ್ಕಳಿಗೂ ಸಂಜೆಯ ಸವಾರರಿಗೂ ಬಿಡಬಹುದು.