ಶಿವನಸಮುದ್ರದ ತಂತಿಯೂ ಓಮ್ ಮಹಾಶಯನ ಗಣಿತವೂ

ಕ್ರಿ. ಶ. ೧೯೦೨ನೆಯ ಜೂನ್ ತಿಂಗಳ ಕೊನೆಯಲ್ಲಿ, ಕಾವೇರಿಯ ಶಿವನಸಮುದ್ರದ ಬಳಿ ಹುಟ್ಟಿದ ವಿದ್ಯುಚ್ಛಕ್ತಿಯು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತೆಂಬುದು ಮೈಸೂರು ಸಂಸ್ಥಾನದ ಚರಿತ್ರೆಯನ್ನೋದಿದವರೆಲ್ಲರಿಗೂ ವಿದಿತವಾದ ವಿಷಯ. ಆ ತಂತಿಯ ಮೇಲಣ ಒತ್ತಡವು ಮೊದಲಿಗೆ ೩೦,೦೦೦ ವೋಲ್ಟ್ ಇದ್ದಿತು. ಅಷ್ಟು ಭಯಂಕರವಾದ ಒತ್ತಡವೇ ಏಕೆ ಬೇಕಾಯಿತು, ಮೂರು ಸಾವಿರ ಸಾಲದೆ ಹೋಯಿತೆ, ಎಂದು ಕೇಳುವವರು ವಿರಳ. ಕೇಳಿದವರು ಉತ್ತರವನ್ನು ಗಣಿತದಿಂದಲೇ ತೆಗೆಯಬಹುದು.

ಸಖರಾಯಪಟ್ಟಣದವರಿಗೆ, ರುಕ್ಮಾಂಗದರಾಯನು ಕಟ್ಟಿಸಿದನೆಂದು ಐತಿಹ್ಯವಿರುವ ಅಯ್ಯನಕೆರೆಯೇ ಸಾಕಾದ ದೃಷ್ಟಾಂತ. ಕೆರೆಯಲ್ಲಿ ನೀರು ಎತ್ತರವಾಗಿ ನಿಂತಷ್ಟೂ ತೂಬಿನಲ್ಲಿ ನೂಕು ಹೆಚ್ಚು. ವಿದ್ಯುತ್ತಿನಲ್ಲಿ ಈ ನೂಕಿನ ಮಾನವೇ ವೋಲ್ಟ್. ಕಾಲುವೆಯಲ್ಲಿ ಕ್ಷಣಕ್ಕೆ ಎಷ್ಟು ನೀರು ಹರಿಯಿತೆಂಬುದರಂತೆ ತಂತಿಯ ಪ್ರವಾಹವನ್ನು ಆಂಪಿಯರಿನಿಂದ ಅಳೆಯುವರು. ಕಾಲುವೆಯು ಕಿರಿದಾಗಿ, ಉದ್ದವಾಗಿ, ಹೂಳು ತುಂಬಿ ನೀರನ್ನು ತಡೆಯುವಂತೆ ತಂತಿಯೂ ಪ್ರವಾಹವನ್ನು ತಡೆಯುತ್ತದೆ. ಈ ರೋಧದ ಮಾನ ಓಮ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ದೊರೆಯುವುದು. ಗುಣಿಸಿದರೆ ಸಾಮರ್ಥ್ಯ, ಅಂದರೆ ವಾಟ್, ದೊರೆಯುವುದು. ಲೀಲಾವತಿಯನ್ನು ಪಾಠಹೇಳಿಸಿಕೊಂಡವರಿಗೆ ಇದು ಹೊಸದೇನಲ್ಲ: ಒತ್ತಡಕ್ಕೂ ಪ್ರವಾಹಕ್ಕೂ ತ್ರೈರಾಶಿಕ, ರೋಧಕ್ಕೂ ಪ್ರವಾಹಕ್ಕೂ ವ್ಯಸ್ತತ್ರೈರಾಶಿಕ. ದೃಷ್ಟಾಂತವನ್ನು ಮಾತ್ರ ಬಹುದೂರ ಎಳೆಯಲಾಗದು. ಕಾಲುವೆ ಒಡೆದರೆ ನೀರು ಚೆಲ್ಲಿಹೋಗುತ್ತದೆ. ತಂತಿ ಕಡಿದರೆ ಪ್ರವಾಹವೇ ನಿಂತುಹೋಗುತ್ತದೆ.

ಈ ಭಾಗಾಕಾರವನ್ನು ಲೋಕಕ್ಕೆ ತೋರಿಸಿಕೊಟ್ಟವನು ಜರ್ಮನಿಯ ಕೊಲೋನ್ ನಗರದಲ್ಲಿ ಶಾಲೋಪಾಧ್ಯಾಯನಾಗಿದ್ದ ಗೇಯೊರ್ಗ್ ಓಮ್. ನಾನಾ ಉದ್ದದ ತಂತಿಗಳನ್ನು ಪರೀಕ್ಷಿಸಿ ೧೮೨೭ರಲ್ಲಿ ಅವನು ಪ್ರಕಟಿಸಿದ ಗ್ರಂಥಕ್ಕೆ ಸ್ವದೇಶದ ವಿದ್ವಾಂಸರಿಂದ ಉಪೇಕ್ಷೆಯೇ ಸಂಭಾವನೆಯಾಯಿತು. ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲಿ ಪದಕವನ್ನಿತ್ತು ಮನ್ನಿಸಿತು. ಉಪಾಧ್ಯಾಯ ವೃತ್ತಿಯವರು ಈ ಹದಿನಾಲ್ಕು ವರ್ಷಗಳನ್ನು ನೆನಪಿನಲ್ಲಿಡುವುದು ಸಹಜ. ಅದೇ ೧೮೪೧ರಲ್ಲಿ ಇಂಗ್ಲೆಂಡಿನ ಜೌಲ್ ಎಂಬ ತರುಣನು, ತಂತಿಯಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗಕ್ಕೆ ಅನುಗುಣವೆಂದು ಪ್ರಕಟಿಸಿದನು. ಪ್ರವಾಹ ಇಮ್ಮಡಿಯಾದರೆ ಕಾವು ನಾಲ್ಮಡಿ, ಹತ್ತುಮಡಿಯಾದರೆ ನೂರ್ಮಡಿ. ಶಿವನಸಮುದ್ರದ ರಹಸ್ಯವಿರುವುದು ಈ ‘ವರ್ಗ’ವೆಂಬ ಶಬ್ದದಲ್ಲಿ.

ಲೆಕ್ಕವನ್ನು ಮಾಡಿ ನೋಡೋಣ. ಗಣಿಗಳಿಗೆ ಬೇಕಾದುದು ೪,೦೦೦ ಅಶ್ವಸಾಮರ್ಥ್ಯವೆಂದರೆ, ಒಂದಕ್ಕೆ ೭೪೬ ವಾಟಿನಂತೆ ಸುಮಾರು ೩೦ ಲಕ್ಷ ವಾಟ್. ೩೦,೦೦೦ ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹವು ೧೦೦ ಆಂಪಿಯರ್. ತಾಮ್ರದ ತಂತಿಯ ರೋಧವನ್ನು ಉದಾಹರಣೆಗಾಗಿ ೩೦ ಓಮ್ ಎಂದಿಟ್ಟುಕೊಳ್ಳೋಣ. ನೂರರ ವರ್ಗವನ್ನು ಮೂವತ್ತರಿಂದ ಗುಣಿಸಲು ನಷ್ಟವು ೩ ಲಕ್ಷ ವಾಟ್, ಎಂದರೆ ಹತ್ತರಲ್ಲೊಂದು ಪಾಲು. ಇದನ್ನು ಸಹಿಸಬಹುದು. ೩,೦೦೦ ವೋಲ್ಟಿನಲ್ಲಾದರೆ ಪ್ರವಾಹವು ೧,೦೦೦ ಆಂಪಿಯರ್. ಸಾವಿರದ ವರ್ಗ ಹತ್ತು ಲಕ್ಷ. ನಷ್ಟವು ೩ ಕೋಟಿ ವಾಟ್! ಒಂದು ರೂಪಾಯಿಯ ಸರಕಿಗೆ ಹತ್ತು ರೂಪಾಯಿಯ ಸುಂಕವಿದ್ದಂತೆ. ನಷ್ಟವನ್ನು ಮೊದಲಿನಷ್ಟಕ್ಕೇ ಇಳಿಸಬೇಕಾದರೆ ನೂರು ಪಾಲು ತಾಮ್ರವನ್ನು ಕೊಳ್ಳಬೇಕು. ಯಾವ ಖಜಾನೆಯೂ ಅದಕ್ಕೆ ಸಾಲದು. ಆದುದರಿಂದಲೇ ಯಂತ್ರದಲ್ಲಿ ಹುಟ್ಟಿದ ಅಲ್ಪ ಒತ್ತಡವನ್ನು ಪರಿವರ್ತಕಗಳಿಂದ ಏರಿಸಿ, ಗಣಿಗಳ ಬಳಿ ಮತ್ತೆ ಇಳಿಸಿದರು. ನಿಜವಾಗಿ ಅಲ್ಲಿ ಹರಿದುದು ಮೂರು ತಂತಿಗಳ ಪರ್ಯಾಯ ಪ್ರವಾಹ. ಅದರ ಗಣಿತದಲ್ಲಿ ಮೂರರ ವರ್ಗಮೂಲವೂ ಸೇರುವುದು. ತತ್ತ್ವ ಮಾತ್ರ ಇದೇ.

ಈ ತಂತಿಯೇ ಆ ಕಾಲಕ್ಕೆ ಜಗತ್ತಿನಲ್ಲೆಲ್ಲ ಅತಿ ದೀರ್ಘವಾದುದೆಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ. ೧೯೦೧ರಲ್ಲಿಯೇ ಕ್ಯಾಲಿಫೋರ್ನಿಯದ ಕೋಲ್ಗೇಟಿನಿಂದ ಓಕ್‌ಲೆಂಡಿಗೆ ೧೪೦ ಮೈಲಿಗೂ ಮೀರಿ ವಿದ್ಯುತ್ತು ಹರಿದಿತ್ತು. ಇಲ್ಲದ ಬಿರುದನ್ನು ಅಂಟಿಸದೆಯೂ ನಮ್ಮವರ ಸಾಹಸವು ಸಾಹಸವೇ. ಯೋಜನೆಯನ್ನು ನಡೆಸಿದವನು ಜೋಲಿ ಡಿ ಲಾಟ್‌ಬಿನಿಯರ್ ಎಂಬ ಇಂಜಿನಿಯರು. ಅದಕ್ಕೆ ಬೆನ್ನಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರವರು. ದಿವಾನರು ೧೯೦೧ರ ಸೆಪ್ಟೆಂಬರಿನಲ್ಲಿ ಕಾಲವಶರಾದರು; ತಂತಿಯಲ್ಲಿ ಶಕ್ತಿ ಹರಿದುದನ್ನು ಅವರು ಕಾಣಲಿಲ್ಲ. ಮೊದಲ ಫಲವು ಗಣಿಯ ಕಂಪನಿಗಳಿಗೆ ಸಂದಿತು. ಬೆಂಗಳೂರಿನ ಬೀದಿಗಳು ೧೯೦೫ರ ಆಗಸ್ಟ್ ವರೆಗೆ ಕಾಯಬೇಕಾಯಿತು. ಆ ಗಣಿಗಳೂ ೨೦೦೧ರಲ್ಲಿ ಮುಚ್ಚಿದುವು.

ಅದೇ ಗಣಿತವು ನಮ್ಮ ಬಚ್ಚಲುಮನೆಯಲ್ಲಿಯೂ ಇದೆ. ೨೩೦ ವೋಲ್ಟಿಗೆ ೧,೦೦೦ ವಾಟ್ ಎಂದು ಬರೆದಿರುವ ನೀರು ಕಾಯಿಸುವ ಸುರುಳಿಯಲ್ಲಿ ಹರಿಯುವುದು ಸುಮಾರು ೪.೩೫ ಆಂಪಿಯರ್, ಭಾಗಿಸಲು ರೋಧವು ೫೩ ಓಮ್. ಬೇಸಗೆಯಲ್ಲಿ ತೋಟದ ಪಂಪುಗಳೆಲ್ಲ ಒಮ್ಮೆಗೇ ಓಡುವಾಗ ತಂತಿಯ ಪ್ರವಾಹ ಹೆಚ್ಚಿ, ಅದರ ರೋಧವು ಒತ್ತಡದ ಪಾಲನ್ನು ದಾರಿಯಲ್ಲಿಯೇ ನುಂಗುವುದು. ಕಾಲುವೆಯ ಕೊನೆಯ ಗದ್ದೆಗೆ ನೀರು ಇಳಿಮುಖವಾದಂತೆ ತಂತಿಯ ಕೊನೆಯ ಮನೆಗೆ ೧೯೦ ವೋಲ್ಟ್ ಮಾತ್ರ ಬಂದಿತೆನ್ನೋಣ. ಒತ್ತಡವು ಆರರಲ್ಲೊಂದು ಪಾಲು ಕುಗ್ಗಿದರೆ ಕಾವೂ ಅಷ್ಟೇ ಕುಗ್ಗುವುದೆಂದು ತೋರಬಹುದು. ಹಾಗಲ್ಲ: ಪ್ರವಾಹವೂ ೩.೬ ಆಂಪಿಯರಿಗೆ ಇಳಿಯುವುದರಿಂದ ದೊರೆಯುವುದು ಸುಮಾರು ೬೮೦ ವಾಟ್. ಅರ್ಧ ಗಂಟೆಗೆ ಕಾಯುತ್ತಿದ್ದ ನೀರು ಮುಕ್ಕಾಲು ಗಂಟೆಗೆ ಕಾಯುವುದು.